ನ್ಯೂಟನ್ ಅಂದ್ರೆ ಹೊಸೂರು

ಇಂಜಿನಿಯರಿಂಗ್‌ಗೆ ಸೇರಿದ ಮೇಲೆ ನಾವು ಅತಿ ಹೆಚ್ಚು ಸಲ ಬರೆದಿರೋ ಹೆಸರು ಯಾವುದು? ನಮ್ಮ ಸ್ವಂತ ಹೆಸರು ಬಿಟ್ಟರೆ ಬಹುಶಃ ನ್ಯೂಟನ್. ಮೆಕ್ಯಾನಿಕ್ಸ್‌ನಲ್ಲಿ ಅವನ ಮೂರು ನಿಯಮ, ಮ್ಯಾಥ್ಸ್‌ನಲ್ಲಿ ನ್ಯೂಟನ್-ರಾಫ್ಸನ್ ಮೆಥಡ್, ಫಿಸಿಕ್ಸ್ ಲ್ಯಾಬ್‌ನಲ್ಲಿ ನ್ಯೂಟನ್ಸ್ ರಿಂಗ್ಸ್, ಮೆಕ್ಯಾನಿಕಲ್‌ನವರಿಗೆ ನ್ಯೂಟೋನಿಯನ್ ಫ್ಲೂಯಿಡ್. ಕೊನೆಗೆ ಯೂನಿಟ್ ಬರೆಯೋದು ಮರೆತು ಅರ್ಧ ಮಾರ್ಕ್ಸ್ ಹೋದರೆ, ಆ ಯೂನಿಟ್ ಕೂಡ ನ್ಯೂಟನ್ನೇ.

ಇಷ್ಟು ಸಲ ಬರೆದ ಹೆಸರಿಗೆ ಅರ್ಥ ಏನು ಅಂತ ಯಾವ ಸಿಲಬಸ್‌ನಲ್ಲೂ ಇಲ್ಲ. ಹೇಳಿಬಿಡ್ತೀವಿ. ನ್ಯೂಟನ್ ಅಂದ್ರೆ ಹೊಸೂರು. ಅಷ್ಟೇ.

ಸಾವಿರ ವರ್ಷಕ್ಕೂ ಹಿಂದಿನ ಹಳೆಯ ಇಂಗ್ಲಿಷ್‌ನಲ್ಲಿ 'ನಿವೆ' ಅಂದ್ರೆ ಹೊಸ, 'ಟೂನ್' ಅಂದ್ರೆ ಬೇಲಿ ಹಾಕಿಕೊಂಡ ಜಾಗ. ಮೊದಲು ಬರೀ ಒಂದು ಹೊಲಮನೆಗೆ ಹೇಳ್ತಿದ್ದ ಪದ, ಆಮೇಲೆ ಹಳ್ಳಿಗೆ ಬಂತು, ಇವತ್ತಿನ 'ಟೌನ್' ಕೂಡ ಅದೇ ಪದ. ಇಂಗ್ಲಿಷ್ ಹೆಸರುಗಳ ಕೊನೆಯಲ್ಲಿ 'ಟನ್' ಅಂತ ಕಂಡರೆ ಬಹಳಷ್ಟು ಸಲ ಅಲ್ಲೊಂದು ಊರು ಅಡಗಿರುತ್ತೆ. ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ ಥೆವೆನಿನ್ ಜೊತೆ ಬರುವ ನಾರ್ಟನ್ ನೆನಪಿದ್ದಾನಲ್ಲ? ಆ ಹೆಸರಿಗೆ ಬಡಗಣ ಊರು ಅಂತ ಅರ್ಥ. ಸಟನ್ ಅಂದ್ರೆ ತೆಂಕಣ ಊರು, ವೆಸ್ಟನ್ ಅಂದ್ರೆ ಪಡುವಣ ಊರು. ನಮ್ಮಲ್ಲಿ ಹೊಸಪೇಟೆ, ಹೊಸಕೋಟೆ, ಹೊಸನಗರ, ಲೆಕ್ಕವಿಲ್ಲದಷ್ಟು ಹೊಸಹಳ್ಳಿ ಇರೋ ಹಾಗೆ ಇಂಗ್ಲೆಂಡಿನ ತುಂಬ ನ್ಯೂಟನ್‌ಗಳಿವೆ. ಅಲ್ಲಿನ ಅತಿ ಸಾಮಾನ್ಯ ಊರ ಹೆಸರುಗಳಲ್ಲಿ ಇದೂ ಒಂದು. ಕೆಲವು ಕಡೆ ಬಾಯಿಂದ ಬಾಯಿಗೆ ಸವೆದು ನಾಂಟನ್ ಆಗಿದೆ, ಕೆಲವು ಕಡೆ ನ್ಯೂವಿಂಗ್‌ಟನ್ ಆಗಿದೆ. ಒಂದೇ ಹೆಸರು ತುಂಬ ಊರುಗಳಿಗೆ ಇದ್ದರೆ ಗೊಂದಲ ಅಲ್ವಾ? ಅದಕ್ಕೆ ನ್ಯೂಟನ್ ಅಬಟ್, ನ್ಯೂಟನ್-ಲೆ-ವಿಲೋಸ್ ಅಂತ ಬಾಲ ಸೇರಿಸಿದರು.

ಒಂದು ತಮಾಷೆ ನೋಡಿ. 1086ರಲ್ಲಿ ಇಂಗ್ಲೆಂಡಿನ ರಾಜ ಮಾಡಿಸಿದ ಡೂಮ್ಸ್‌ಡೇ ಬುಕ್ ಅನ್ನೋ ಜಮೀನು ಲೆಕ್ಕದ ಪುಸ್ತಕದಲ್ಲೇ ಎಷ್ಟೋ ನ್ಯೂಟನ್‌ಗಳ ಹೆಸರಿದೆ. ಅಂದ್ರೆ ಒಂಬೈನೂರು ವರ್ಷ ದಾಟಿದರೂ ಆ ಊರುಗಳು ಇನ್ನೂ 'ಹೊಸ' ಊರುಗಳೇ. ಹೆಸರು ಇಟ್ಟ ದಿನ ಅದು ನಿಜ. ಮಾರನೇ ದಿನದಿಂದ ಅದು ಬರೀ ಹೆಸರು. ಈ ಮಾತನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಸರಿ, ಊರಿನ ಹೆಸರು ಮನುಷ್ಯನಿಗೆ ಅಂಟಿಕೊಂಡಿದ್ದು ಹೇಗೆ?

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಮೇಲಿನ ಶತಮಾನಗಳಲ್ಲಿ ಎಲ್ಲಿ ನೋಡಿದರೂ ವಿಲಿಯಂ, ರಾಬರ್ಟ್, ಜಾನ್. ತೆರಿಗೆ ವಸೂಲಿ ಮಾಡೋನಿಗೆ, ಕೋರ್ಟಿನಲ್ಲಿ ಬರೆದುಕೊಳ್ಳೋನಿಗೆ ಯಾವ ಜಾನ್ ಅಂತ ಗೊತ್ತಾಗಬೇಕಿತ್ತು. ಹಾಗಾಗಿ ಹೆಸರಿನ ಹಿಂದೆ ಇನ್ನೊಂದು ಗುರುತು ಸೇರಿತು. ಕಮ್ಮಾರನಾದರೆ ಸ್ಮಿತ್, ಜಾನ್‌ನ ಮಗನಾದರೆ ಜಾನ್ಸನ್, ತೋಳು ಗಟ್ಟಿ ಇದ್ದರೆ ಆರ್ಮ್‌ಸ್ಟ್ರಾಂಗ್, ನ್ಯೂಟನ್ ಊರಿಂದ ಬಂದವನಾದರೆ ನ್ಯೂಟನ್. ಮೊದಮೊದಲು ಇದು ಒಬ್ಬ ಮನುಷ್ಯನ ಜೊತೆಗೇ ಮುಗಿದುಹೋಗ್ತಿತ್ತು. ನಿಧಾನವಾಗಿ ಅಪ್ಪನ ಗುರುತು ಮಗನಿಗೂ ಉಳಿಯಿತು. ಸುಮಾರು 1400ರ ಹೊತ್ತಿಗೆ ಇಂಗ್ಲೆಂಡಿನ ಹೆಚ್ಚಿನ ಮನೆಗಳಿಗೆ ಒಂದು ಸರ್‌ನೇಮ್ ಆಗಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ನ್ಯೂಟನ್ ಅನ್ನೋ ಊರೊಳಗೆ ಯಾರನ್ನಾದರೂ 'ನ್ಯೂಟನ್' ಅಂತ ಕರೆದರೆ ಪ್ರಯೋಜನ ಇದೆಯಾ? ಅಲ್ಲಿರೋರೆಲ್ಲ ಅದೇ ಊರಿನವರು. ಹಾಸ್ಟೆಲ್‌ನಲ್ಲಿ ಒಬ್ಬನನ್ನ ನಾವು 'ಏ ಬೀದರ್' ಅಂತ ಕೂಗ್ತೀವಿ. ಬೀದರ್‌ಗೆ ಹೋಗಿ ಹಾಗೆ ಕೂಗಿದರೆ ಯಾರೂ ತಿರುಗಿ ನೋಡಲ್ಲ. ಊರ ಹೆಸರು ಅಂಟೋದು ಊರು ಬಿಟ್ಟವನಿಗೆ. ಅಂದ್ರೆ ನ್ಯೂಟನ್ ಅನ್ನೋ ಸರ್‌ನೇಮ್ ಹೇಳೋದು ಇಷ್ಟೇ: ಯಾವಾಗಲೋ ಒಬ್ಬ ಒಂದು ಹೊಸೂರನ್ನು ಬಿಟ್ಟು ಇನ್ನೊಂದು ಕಡೆ ಹೋದ, ಅಲ್ಲಿನವರು ಅವನನ್ನ ಹಾಗೆ ಕರೆದರು.

ನಮ್ಮ ಇಂಜಿನಿಯರ್ಸ್ ಡೇಯ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರೇ ತಗೊಳ್ಳಿ. ಆ 'ಎಂ' ಅಂದ್ರೆ ಮೋಕ್ಷಗುಂಡಂ. ಅದು ಇವತ್ತಿನ ಆಂಧ್ರಪ್ರದೇಶದಲ್ಲಿರೋ ಒಂದು ಊರು. ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಪೂರ್ವಿಕರು ಬಿಟ್ಟುಬಂದ ಊರು ಅವರ ಹೆಸರಿನಲ್ಲಿ ಒಂದಕ್ಷರವಾಗಿ ಉಳಿಯಿತು. ಗಂಗೂಬಾಯಿ ಹಾನಗಲ್ ಅವರ ಹಾನಗಲ್, ಗಿರೀಶ್ ಕಾರ್ನಾಡರ ಕಾರ್ನಾಡು ಕೂಡ ಊರುಗಳೇ.

ಈಗ ಇಂಗ್ಲೆಂಡಿಗೆ ವಾಪಸ್ ಹೋಗೋಣ. ಅಷ್ಟೊಂದು ನ್ಯೂಟನ್ ಊರುಗಳಿದ್ದವು ಅಂದ್ರೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಎಷ್ಟೋ ಮನೆಗಳಿಗೆ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜಾಗದಲ್ಲಿ ಇದೇ ಹೆಸರು ಬಂದಿರುತ್ತೆ. ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 2009ರಲ್ಲಿ ಬ್ರಿಟನ್ನಿನ 40 ಸರ್‌ನೇಮ್‌ಗಳನ್ನು ತಗೊಂಡು, ಒಂದೇ ಹೆಸರಿನ ಗಂಡಸರ ವೈ ಕ್ರೋಮೋಸೋಮ್ ಹೋಲಿಸಿ ನೋಡಿದರು. ತೀರಾ ಅಪರೂಪದ ಹೆಸರಿನವರಲ್ಲಿ ಒಬ್ಬನೇ ಮೂಲಪುರುಷ ಇರೋ ಲಕ್ಷಣ ಕಂಡಿತು. ಸ್ಮಿತ್‌ನಂಥ ಸಾಮಾನ್ಯ ಹೆಸರಿನಲ್ಲಿ ಇಬ್ಬರು ಸ್ಮಿತ್‌ಗಳಿಗೂ ದಾರಿಯಲ್ಲಿ ಸಿಕ್ಕ ಯಾರೋ ಇಬ್ಬರಿಗೂ ವ್ಯತ್ಯಾಸ ಕಾಣಲಿಲ್ಲ. ಒಂದೇ ಹೆಸರು ಅಂದ ಮಾತ್ರಕ್ಕೆ ಒಂದೇ ರಕ್ತ ಅಲ್ಲ.

ನಮಗೆ ಗೊತ್ತಿರೋ ಐಸಾಕ್ ನ್ಯೂಟನ್‌ನನ್ನೇ ನೋಡಿ. ಹುಟ್ಟಿದ್ದು 1642ರ ಕ್ರಿಸ್‌ಮಸ್ ದಿನ, ಆಗಿನ ಇಂಗ್ಲಿಷ್ ಕ್ಯಾಲೆಂಡರ್ ಪ್ರಕಾರ, ಲಿಂಕನ್‌ಶೈರ್‌ನ ವೂಲ್ಸ್‌ಥಾರ್ಪ್‌ನಲ್ಲಿ. ಅಪ್ಪ ಬೇಸಾಯಗಾರ, ಅವನ ಹೆಸರೂ ಐಸಾಕ್ ನ್ಯೂಟನ್. ಆ ಹೆಸರನ್ನು ಬರೆದು ಸಹಿ ಹಾಕೋಕೂ ಅವನಿಗೆ ಬರ್ತಿರಲಿಲ್ಲ. ಮಗ ಹುಟ್ಟೋಕೆ ಮೂರು ತಿಂಗಳ ಮುಂಚೆ ತೀರಿಕೊಂಡ. ಮಗುವಿಗೆ ಮೂರು ವರ್ಷ ಆದಾಗ ಅಮ್ಮ ಹನ್ನಾ ಬಾರ್ನಬಸ್ ಸ್ಮಿತ್ ಅನ್ನೋ ಪಾದ್ರಿಯನ್ನು ಮದುವೆಯಾದಳು. ಆಮೇಲೆ ಹುಟ್ಟಿದ ಮೂರು ಮಕ್ಕಳೂ ಸ್ಮಿತ್. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಹೊಸೂರ, ಉಳಿದವರು ಕಮ್ಮಾರ.

1705ರಲ್ಲಿ ರಾಣಿ ಆನ್ ಅವನಿಗೆ ಸರ್ ಪದವಿ ಕೊಟ್ಟಳು. ಆಗ ಅವನು ಪ್ರಿನ್ಸಿಪಿಯಾ ಬರೆದು ಹದಿನೆಂಟು ವರ್ಷ ಆಗಿತ್ತು, ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ. ಇಷ್ಟಿದ್ದರೂ ಅವನು ಕೂತು ವಂಶಾವಳಿ ಸಿದ್ಧ ಮಾಡಿ, ತಾನು ವೆಸ್ಟ್‌ಬಿಯ ನ್ಯೂಟನ್ನರ ವಂಶದವನು ಅಂತ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್‌ಗೆ ಸಲ್ಲಿಸಿದ. ಕಪ್ಪು ಹಿನ್ನೆಲೆಯಲ್ಲಿ ಅಡ್ಡಡ್ಡ ಇಟ್ಟ ಎರಡು ಮೊಳಕಾಲ ಮೂಳೆಗಳ ಕುಲಲಾಂಛನ ಬಳಸಿಕೊಂಡ. ಜಗತ್ತಿನ ಚಲನೆಗೆ ನಿಯಮ ಬರೆದವನಿಗೂ ತಾನು ಯಾರ ಮನೆಯವನು ಅಂತ ಕಾಗದದಲ್ಲಿ ತೋರಿಸಬೇಕು ಅನ್ನಿಸಿತು. ಅವನನ್ನ ಹಾಸ್ಯ ಮಾಡೋಕೆ ಇದನ್ನ ಹೇಳ್ತಿಲ್ಲ. ಆ ಸಮಾಜದ ಒತ್ತಡ ಅಂಥ ತಲೆಯನ್ನೂ ಬಗ್ಗಿಸಿತು ಅನ್ನೋದೇ ನಮ್ಮ ಪಾಯಿಂಟ್. ಇವತ್ತು ಆ ವಂಶಾವಳಿ ಯಾರಿಗೆ ಬೇಕು? ಅವನಿಗೆ ಮಕ್ಕಳಿರಲಿಲ್ಲ. ಅವನ ಹೆಸರು ಉಳಿದಿದ್ದು ನಮ್ಮ ಬ್ಲೂ ಬುಕ್‌ಗಳಲ್ಲಿ.

ಇಂಗ್ಲೆಂಡಿಂದ ಆಚೆ ಈ ಹೆಸರು ಎಲ್ಲೆಲ್ಲಿ ಹೋಯ್ತು ಅಂತ ನೋಡಿದರೆ ಕಥೆ ಇನ್ನೂ ಗಂಭೀರ ಆಗುತ್ತೆ. ಇವತ್ತು ನ್ಯೂಟನ್ ಅನ್ನೋರು ಬ್ರಿಟನ್ ಅಲ್ಲದೆ ಅಮೆರಿಕ, ಕೆನಡಾ, ಆಸ್ಟ್ರೇಲಿಯ, ಕೆರಿಬಿಯನ್ ದ್ವೀಪಗಳಲ್ಲೂ ಸಿಗ್ತಾರೆ. ಎಲ್ಲರೂ ಟಿಕೆಟ್ ತಗೊಂಡು ಹೋದವರ ಮಕ್ಕಳಲ್ಲ. ಬಾರ್ಬಡೋಸ್‌ನಲ್ಲಿ ಸ್ಯಾಮ್ಯುಯೆಲ್ ನ್ಯೂಟನ್ ಅನ್ನೋ ಇಂಗ್ಲಿಷಿನವನ ಕಬ್ಬಿನ ತೋಟ ಇತ್ತು. ಆಫ್ರಿಕಾದಿಂದ ಹಿಡಿದು ತಂದವರನ್ನು, ಅವರ ಮಕ್ಕಳನ್ನು ಅಲ್ಲಿ ಗುಲಾಮರಾಗಿ ದುಡಿಸಿದರು. ಆ ತೋಟದ ಸ್ಮಶಾನದಲ್ಲಿ ಸುಮಾರು 570 ಜನರನ್ನು ಹೂಳಲಾಗಿದೆ. ಸಮಾಧಿಗಳ ಮೇಲೆ ಅವರ ಹೆಸರಿಲ್ಲ, ಜಾಗಕ್ಕೆ ಮಾತ್ರ ಮಾಲೀಕನ ಹೆಸರು: ನ್ಯೂಟನ್.

ಜಾನ್ ನ್ಯೂಟನ್ (1725–1807) ಗುಲಾಮರನ್ನು ಸಾಗಿಸುವ ಹಡಗಿನ ಕ್ಯಾಪ್ಟನ್ ಆಗಿದ್ದ. ಆಮೇಲೆ ಪಾದ್ರಿಯಾಗಿ 'ಅಮೇಜಿಂಗ್ ಗ್ರೇಸ್' ಬರೆದ, ಮುದಿವಯಸ್ಸಿನಲ್ಲಿ ಗುಲಾಮ ವ್ಯಾಪಾರದ ವಿರುದ್ಧ ನಿಂತ. ಹ್ಯೂಯಿ ನ್ಯೂಟನ್ 1966ರಲ್ಲಿ ಬಾಬಿ ಸೀಲ್ ಜೊತೆ ಸೇರಿ ಅಮೆರಿಕದ ಓಕ್‌ಲೆಂಡ್‌ನಲ್ಲಿ ಬ್ಲಾಕ್ ಪ್ಯಾಂಥರ್ ಪಾರ್ಟಿ ಕಟ್ಟಿದ ಕಪ್ಪು ನಾಯಕ. ಹಡಗಿನ ಕ್ಯಾಪ್ಟನ್‌ಗೂ ನ್ಯೂಟನ್, ಕಪ್ಪು ಜನರ ಹಕ್ಕಿಗಾಗಿ ಎದ್ದು ನಿಂತವನಿಗೂ ನ್ಯೂಟನ್. ಅಮೆರಿಕದಲ್ಲಿ ಎಷ್ಟೋ ಕಪ್ಪು ಕುಟುಂಬಗಳಿಗೆ ಇಂಗ್ಲಿಷ್ ಸರ್‌ನೇಮ್ ಬಂದಿದ್ದು ಮಾಲೀಕರಿಂದ. ಅದಕ್ಕೇ ಮಾಲ್ಕಂ ಲಿಟಲ್ ತನ್ನ ಸರ್‌ನೇಮ್ ಕಿತ್ತುಹಾಕಿ ಮಾಲ್ಕಂ ಎಕ್ಸ್ ಆದ. ಕಳೆದುಹೋದ ಆಫ್ರಿಕನ್ ಮನೆತನದ ಹೆಸರಿನ ಜಾಗದಲ್ಲಿ ಎಕ್ಸ್. ನಾವು ಗೊತ್ತಿಲ್ಲದ ವ್ಯಾಲ್ಯೂಗೆ ಬರೆಯೋ ಅದೇ ಎಕ್ಸ್.

ಇನ್ನೊಂದು ದಾರಿಯೂ ಇದೆ. ಹೆಲ್ಮುಟ್ ನ್ಯೂಟನ್ ಅನ್ನೋ ಪ್ರಸಿದ್ಧ ಫೋಟೋಗ್ರಾಫರ್ 1920ರಲ್ಲಿ ಬರ್ಲಿನ್‌ನ ಯಹೂದಿ ಮನೆಯಲ್ಲಿ ಹುಟ್ಟಿದಾಗ ಹೆಲ್ಮುಟ್ ನಾಯ್‌ಶ್ಟೆಟರ್ ಆಗಿದ್ದ. ನಾಜಿಗಳಿಂದ ತಪ್ಪಿಸಿಕೊಂಡು ಸಿಂಗಾಪುರ ಮಾರ್ಗವಾಗಿ ಆಸ್ಟ್ರೇಲಿಯ ಸೇರಿ, 1946ರಲ್ಲಿ ನ್ಯೂಟನ್ ಅಂತ ಹೆಸರು ಬದಲಿಸಿಕೊಂಡ. ನಾಯ್‌ಶ್ಟೆಟರ್ ಅಂದ್ರೆ ಜರ್ಮನ್‌ನಲ್ಲಿ ಏನು ಗೊತ್ತಾ? ಹೊಸ ಪಟ್ಟಣದವನು! ಅರ್ಥ ಅದೇ ಉಳಿಯಿತು, ರಕ್ತಕ್ಕೂ ಇಂಗ್ಲೆಂಡಿಗೂ ಸಂಬಂಧ ಇಲ್ಲ. ಅತ್ತ ಬ್ರೆಜಿಲ್‌ನಲ್ಲಿ ನ್ಯೂಟನ್ ಡ ಕೋಸ್ಟ ಅಂತ ದೊಡ್ಡ ತರ್ಕಶಾಸ್ತ್ರಜ್ಞರಿದ್ದರು. ಅವರಿಗೆ ನ್ಯೂಟನ್ ಅನ್ನೋದು ಸರ್‌ನೇಮೇ ಅಲ್ಲ, ಅಪ್ಪ ಅಮ್ಮ ಇಟ್ಟ ಹೆಸರು.

ಈಗ ಹೇಳಿ. ಒಬ್ಬರ ಹೆಸರು ನ್ಯೂಟನ್ ಅಂತ ತಿಳಿದ ಕೂಡಲೇ ಅವರ ಬಗ್ಗೆ ನಮಗೆ ಏನು ಗೊತ್ತಾಯ್ತು? ಬಿಳಿಯರಾ, ಕಪ್ಪು ಜನರಾ? ಮಾಲೀಕರ ಕಡೆಯವರಾ, ಗುಲಾಮರ ಕಡೆಯವರಾ? ಕ್ರಿಶ್ಚಿಯನ್ನಾ, ಯಹೂದಿಯಾ? ಬುದ್ಧಿವಂತರಾ, ದಡ್ಡರಾ? ಏನೂ ಗೊತ್ತಾಗಲಿಲ್ಲ.

ಇದನ್ನೆಲ್ಲ ಯಾಕೆ ಬರೆದ್ವಿ ಅಂದ್ರೆ, ನಮ್ಮ ಕ್ಯಾಂಪಸ್‌ನಲ್ಲೂ ಹೆಸರಿನ ಪರೀಕ್ಷೆ ನಡೆಯುತ್ತೆ. ಹಾಸ್ಟೆಲ್‌ಗೆ ಹೊಸಬ ಬಂದರೆ "ಹೆಸರೇನಪ್ಪ?" ಅಂತ ಕೇಳ್ತೀವಿ. ಹೇಳ್ತಾನೆ. "ಫುಲ್ ನೇಮ್?" ಅದನ್ನೂ ಹೇಳ್ತಾನೆ. "ಇನಿಷಿಯಲ್ ಎಕ್ಸ್‌ಪಾಂಡ್ ಮಾಡು." ಈ ಮೂರನೇ ಪ್ರಶ್ನೆ ಯಾಕೆ ಅಂತ ಕೇಳೋನಿಗೂ ಗೊತ್ತು, ಉತ್ತರ ಕೊಡೋನಿಗೂ ಗೊತ್ತು. ಜಾತಿ ಯಾವುದು ಅಂತ ನೇರವಾಗಿ ಕೇಳೋಕೆ ನಾಚಿಕೆ, ಅದಕ್ಕೆ ಸುತ್ತುದಾರಿ. ಉತ್ತರ ಸಿಕ್ಕ ಮೇಲೆ ಕೆಲವರಿಗೆ ರೂಮ್ ಸಲೀಸಾಗಿ ಸಿಗುತ್ತೆ, ಕೆಲವರ ಜೊತೆ ಮಾತು ತಣ್ಣಗಾಗುತ್ತೆ, "ಯಾವ ಕೋಟಾ?" ಅನ್ನೋ ನಗು ಶುರುವಾಗುತ್ತೆ. ಆ ನಗುವಿಗೆ ಹೆದರಿ ಬರೀ ಒಂದಕ್ಷರದ ಹಿಂದೆ ಅವಿತುಕೊಂಡಿರೋ ಗೆಳೆಯ ಗೆಳತಿಯರು ನಮ್ಮ ಕ್ಲಾಸುಗಳಲ್ಲೇ ಇದ್ದಾರೆ.

"ಅಯ್ಯೋ, ಸುಮ್ನೆ ಕುತೂಹಲಕ್ಕೆ ಕೇಳೋದು, ನಮ್ಮ ಕಡೆಯವರು ಸಿಕ್ಕರೆ ಖುಷಿ ಅಲ್ವಾ" ಅಂತಾರೆ ಕೆಲವರು. ಒಪ್ಪಿದ್ವಿ, ಖುಷಿಯೇ. ಹಾಗಾದ್ರೆ "ಯಾವ ಊರು?" ಅಂತ ಕೇಳಿ. ಆ ಪ್ರಶ್ನೆಯಿಂದ ಮಾತು ಬೆಳೆಯುತ್ತೆ: ಅಲ್ಲಿನ ಜಾತ್ರೆ, ಬಸ್ಸು, ಊಟ, ಭಾಷೆ. ಸರ್‌ನೇಮ್ ಅಳೆಯೋ ಪ್ರಶ್ನೆಯಿಂದ ಮಾತು ಮುಗಿಯುತ್ತೆ. ತಮ್ಮ ಅಡ್ಡಹೆಸರನ್ನ ಹೆಮ್ಮೆಯಿಂದ ಹೇಳಿಕೊಳ್ಳೋರು ಖಂಡಿತ ಹೇಳಿಕೊಳ್ಳಲಿ. ಅವಮಾನ ಅನುಭವಿಸಿದ ಎಷ್ಟೋ ಮನೆಗಳು ಅದೇ ಹೆಸರನ್ನ ತಲೆ ಎತ್ತಿ ಹೇಳೋದನ್ನ ಕಲಿತಿವೆ, ಅದಕ್ಕೆ ನಮ್ಮ ಗೌರವ ಇದೆ. ಆದರೆ ಹೇಳೋದು, ಬಿಡೋದು ಆ ಹೆಸರು ಹೊತ್ತವರ ಇಷ್ಟ. ಕೆದಕಿ ತೆಗೆಯೋ ಹಕ್ಕು ರೂಮ್‌ಮೇಟ್‌ಗೂ ಇಲ್ಲ, ಸೀನಿಯರ್‌ಗೂ ಇಲ್ಲ, ವೈವಾ ತಗೊಳ್ಳೋರಿಗೂ ಇಲ್ಲ. ಒಂದು ಕಾಲದಲ್ಲಿ ಹೆಸರು ಯಾವುದೋ ಊರನ್ನೋ ಕಸುಬನ್ನೋ ಹೇಳಿರಬಹುದು. ಇವತ್ತು ಎದುರಿಗೆ ನಿಂತಿರೋರು ಏನು ಅನ್ನೋದು ಅದರಲ್ಲಿ ಇಲ್ಲ.

1948ರಲ್ಲಿ ತೂಕ ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ ಬಲದ ಯೂನಿಟ್‌ಗೆ ನ್ಯೂಟನ್ ಅಂತ ಹೆಸರಿಟ್ಟಿತು. ಇಂಗ್ಲಿಷಿನಲ್ಲಿ ಯೂನಿಟ್‌ನ ಹೆಸರು ಪೂರ್ತಿ ಬರೆಯುವಾಗ ಸಣ್ಣಕ್ಷರವೇ ಹಾಕಬೇಕು, ದೊಡ್ಡಕ್ಷರ ಹಾಕಿದರೆ ಅದು ಮನುಷ್ಯನ ಹೆಸರಾಗುತ್ತೆ. ಸುಮಾರು ನೂರು ಗ್ರಾಂ ಸೇಬನ್ನ ಅಂಗೈಲಿ ಹಿಡಿದರೆ ಒಂದು ನ್ಯೂಟನ್. ಯಾರ ಅಂಗೈ ಆದರೂ ಅಷ್ಟೇ.

ಇನ್ನು ಸ್ವಲ್ಪ ದಿನಕ್ಕೆ ಫಸ್ಟ್ ಇಯರ್‌ನವರು ಬ್ಯಾಗು, ಹಾಸಿಗೆ ಹೊತ್ತುಕೊಂಡು ಹಾಸ್ಟೆಲ್ ಗೇಟಿಗೆ ಬರ್ತಾರೆ. ಎಲ್ಲರೂ ಅವರವರ ಊರು ಬಿಟ್ಟು ಬರೋರೇ. ಹೆಸರು ಕೇಳೋಣ, ಊರು ಕೇಳೋಣ, ಬ್ರಾಂಚ್ ಕೇಳೋಣ. ಅಲ್ಲಿಗೆ ನಿಲ್ಲಿಸಿ, ಲಗೇಜ್‌ಗೆ ಒಂದು ಕೈ ಹಾಕೋಣ.