ಗೂಡ್ಸ್ ಎಂಜಿನ್ನಿಗೆ ಮೂವತ್ತಾರು ವರ್ಷ

ರೈಲ್ವೆ ಗೇಟು ಬಿದ್ದಾಗ ಬಸ್ಸಿನ ಕಿಟಕಿಗೆ ಮುಖ ಒತ್ತಿ ಗೂಡ್ಸ್ ಗಾಡಿಯ ಡಬ್ಬಿಗಳನ್ನು ಎಣಿಸುವುದು ಮಕ್ಕಳಿಗೆ ಬಲು ಇಷ್ಟದ ಆಟ. ಐವತ್ತೈದು, ಐವತ್ತಾರು ಎನ್ನುವಷ್ಟರಲ್ಲಿ ಯಾರೋ ಮಾತನಾಡಿಸುತ್ತಾರೆ, ಲೆಕ್ಕ ತಪ್ಪುತ್ತದೆ. ಅದಿರು, ಕಲ್ಲಿದ್ದಲು ಸಾಗಿಸುವ ಗಾಡಿಯಾದರೆ ಸಾಮಾನ್ಯವಾಗಿ ಐವತ್ತೆಂಟಕ್ಕೆ ಡಬ್ಬಿಗಳು ಮುಗಿದು ಗಾರ್ಡಿನ ವ್ಯಾನು ಬರುತ್ತದೆ. ಆದರೆ ಎಲ್ಲಕ್ಕಿಂತ ಮುಂದೆ ಹೋದ ಎಂಜಿನ್ನನ್ನು ಮಾತ್ರ ಯಾರೂ ಸರಿಯಾಗಿ ನೋಡಿರುವುದಿಲ್ಲ. ಅದರ ಮೈಮೇಲೆ ಬರೆದಿರುವ ಅಕ್ಷರಗಳಲ್ಲೇ ಅದರ ಜಾತಕವಿದೆ.

ಮೊದಲಕ್ಷರ ‘ಡಬ್ಲ್ಯು’ ಎಂದರೆ ಅಗಲವಾದ ಹಳಿ, ಅಂದರೆ ಬ್ರಾಡ್‌ಗೇಜ್. ಎರಡನೆಯದು ‘ಡಿ’ ಆದರೆ ಡೀಸೆಲ್, ‘ಎ’ ಆದರೆ ಪರ್ಯಾಯ ವಿದ್ಯುತ್ತು. ಮೂರನೆಯದು ಕೆಲಸವನ್ನು ಹೇಳುತ್ತದೆ: ‘ಪಿ’ ಪ್ರಯಾಣಿಕರ ಗಾಡಿಗೆ, ‘ಜಿ’ ಗೂಡ್ಸಿಗೆ, ‘ಎಂ’ ಎರಡಕ್ಕೂ. ಹಾಗಾದರೆ ಡಬ್ಲ್ಯುಡಿಎಂ-2 ಎಂದರೇನು? ಬ್ರಾಡ್‌ಗೇಜಿನ, ಡೀಸೆಲಿನ, ಎಲ್ಲ ಕೆಲಸಕ್ಕೂ ಒದಗುವ ಎರಡನೆಯ ಮಾದರಿ. ಈ ಒಂದು ಎಂಜಿನ್ನು ಭಾರತದ ಸರಕನ್ನು ನಾಲ್ಕು ದಶಕಗಳ ಕಾಲ ಎಳೆಯಿತು. ಹೊಸ ಎಂಜಿನ್ನುಗಳು ಬಂದಂತೆ ಎಕ್ಸ್‌ಪ್ರೆಸ್ ಗಾಡಿಗಳಿಂದ ಗೂಡ್ಸಿಗೆ, ಗೂಡ್ಸಿನಿಂದ ಯಾರ್ಡಿನಲ್ಲಿ ಡಬ್ಬಿ ತಳ್ಳುವ ಕೆಲಸಕ್ಕೆ ಇಳಿದು, ಕಡೆಗೆ ಗುಜರಿ ಸೇರಿ ಈಗ ಬಹುಮಟ್ಟಿಗೆ ಕಣ್ಮರೆಯಾಗಿದೆ.

ಇದರ ಹುಟ್ಟೂರು ಅಮೆರಿಕ. ಆಲ್ಕೊ ಎಂಬ ಕಂಪನಿ ರೂಪಿಸಿದ ಈ 2,600 ಅಶ್ವಶಕ್ತಿಯ ಎಂಜಿನ್ನು 1962ರಲ್ಲಿ ಭಾರತಕ್ಕೆ ಬಂತು. ಅದೇ ಕಾಲಕ್ಕೆ ಜನರಲ್ ಮೋಟಾರ್ಸ್‌ನ ಎಂಜಿನ್ನುಗಳೂ ಬಂದಿದ್ದವು. ಆದರೆ ತಯಾರಿಕೆಯ ವಿದ್ಯೆಯನ್ನು ಹೇಳಿಕೊಡಲು ಒಪ್ಪಿದ್ದು ಆಲ್ಕೊ. ವಾರಾಣಸಿಯ ಕಾರ್ಖಾನೆಯಲ್ಲಿ ಜೋಡಣೆಯಾದ ಮೊದಲ ಎಂಜಿನ್ನು 1964ರ ಜನವರಿಯಲ್ಲಿ ಹೊರಬಂತು. ಆಮೇಲೆ ನಡೆದದ್ದು ವಿಚಿತ್ರ. ಕಲಿಸಿಕೊಟ್ಟ ಆಲ್ಕೊ 1969ರಲ್ಲಿ ಎಂಜಿನ್ನು ಮಾಡುವುದನ್ನೇ ನಿಲ್ಲಿಸಿತು. ಕಲಿತ ವಾರಾಣಸಿ 1998ರವರೆಗೂ ಅದೇ ಮಾದರಿಯನ್ನು ಮಾಡುತ್ತಲೇ ಹೋಯಿತು. ಒಟ್ಟು ಸಂಖ್ಯೆ 2,600 ದಾಟಿತು.

ಹೀಗೆ ಬಂದ ಡೀಸೆಲ್ ಉಗಿ ಎಂಜಿನ್ನುಗಳನ್ನು ಮನೆಗೆ ಕಳಿಸಿತು. ಅಂದಿನ ಗೂಡ್ಸಿನ ಕುದುರೆ ‘ಡಬ್ಲ್ಯುಜಿ’. ಬಂಗಾಳದ ಚಿತ್ತರಂಜನ್ ಕಾರ್ಖಾನೆಯ ಮೊದಲ ಎಂಜಿನ್ನು, 1950ರಲ್ಲಿ ಸಿದ್ಧವಾದ ‘ದೇಶಬಂಧು’, ಇದೇ ಜಾತಿಯದು. 1970ರಲ್ಲಿ ಬಂದ ಈ ಜಾತಿಯ ಕೊನೆಯದಕ್ಕೆ ‘ಅಂತಿಮ್ ಸಿತಾರಾ’, ಕಡೆಯ ನಕ್ಷತ್ರ, ಎಂದು ಹೆಸರಿಟ್ಟರು. ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಹತ್ತು ಪಾಲೂ ಗಾಲಿಗೆ ಮುಟ್ಟದ ಯಂತ್ರ, ಮೂವತ್ತರ ಆಸುಪಾಸಿನಲ್ಲಿದ್ದ ಡೀಸೆಲಿನ ಎದುರು ಎಷ್ಟು ದಿನ ನಿಂತೀತು? 1995ರ ಡಿಸೆಂಬರಿನಲ್ಲಿ ಬ್ರಾಡ್‌ಗೇಜಿನ ಉಗಿಯ ಕಾಲ ಮುಗಿಯಿತು.

ರೈಲ್ವೆಯ ನಿಯಮದಲ್ಲಿ ಡೀಸೆಲ್ ಎಂಜಿನ್ನಿನ ಆಯಸ್ಸು 36 ವರ್ಷ. ಹದಿನೆಂಟಕ್ಕೆ ನಡು ವಯಸ್ಸು. ಆಗ ಎಂಜಿನ್ನನ್ನು ಪೂರಾ ಬಿಚ್ಚಿ ಮತ್ತೆ ಕಟ್ಟುವ ಪದ್ಧತಿಯಿತ್ತು. ಪಂಜಾಬಿನ ಪಟಿಯಾಲದಲ್ಲಿ 1981ರಲ್ಲಿ ಇದಕ್ಕೆಂದೇ ಕಾರ್ಖಾನೆ ಕಟ್ಟಿದರು. ಅಲ್ಲಿಗೆ 2,600 ಅಶ್ವಶಕ್ತಿಯದಾಗಿ ಹೋದ ಎಷ್ಟೋ ಎಂಜಿನ್ನುಗಳು 3,100ರದಾಗಿ ಹಿಂದಿರುಗಿದವು. ಪಿಸ್ಟನ್ ಹೊಸದು, ಟರ್ಬೊ ಹೊಸದು, ತಂತಿ ಹೊಸದು. ಹಳೆಯದೆಂದು ಉಳಿಯುವುದು ಮುಖ್ಯವಾಗಿ ಅಡಿಯ ಉಕ್ಕಿನ ಚೌಕಟ್ಟು. ಅಜ್ಜನ ಕಾಲದ ಕೊಡಲಿಗೆ ಹಿಡಿ ಬದಲಾಯಿಸಿ, ಅಲಗು ಬದಲಾಯಿಸಿ, ಆದರೂ ಅಜ್ಜನ ಕೊಡಲಿ ಎನ್ನುವಂತೆ!

ಬದಲಾಯಿಸುತ್ತ ಹೋಗುವುದಾದರೆ 36ಕ್ಕೇ ಏಕೆ ನಿಲ್ಲಬೇಕು? ಇದಕ್ಕೆ ಒಂದು ಉತ್ತರ ಲೋಹದ ದಣಿವು. ತೆಳು ತಂತಿಯೊಂದನ್ನು ಒಮ್ಮೆ ಬಾಗಿಸಿದರೆ ಏನೂ ಆಗುವುದಿಲ್ಲ. ಹಿಂದೆ ಮುಂದೆ ಇಪ್ಪತ್ತು ಸಲ ಬಾಗಿಸಿ ನೋಡಿ, ಪಟ್ಟನೆ ತುಂಡಾಗುತ್ತದೆ. ಒಮ್ಮೆಗೆ ಮುರಿಯಲಾರದಷ್ಟು ಸಣ್ಣ ಬಲ, ಮತ್ತೆ ಮತ್ತೆ ಬಿದ್ದರೆ ಮುರಿಯುತ್ತದೆ.

ಈಗ ಎಂಜಿನ್ನಿನ ಅಚ್ಚನ್ನು ನೆನೆಯಿರಿ. ಎರಡು ಗಾಲಿಗಳನ್ನು ಸೇರಿಸುವ ದಪ್ಪ ಉಕ್ಕಿನ ಕಂಬ ಅದು. 112 ಟನ್ನಿಗೂ ಮಿಕ್ಕಿದ ಭಾರವನ್ನು ಇಂಥ ಆರು ಅಚ್ಚುಗಳು ಹೊರುತ್ತವೆ. ಭಾರಕ್ಕೆ ಅಚ್ಚು ಕೂದಲೆಳೆಯಷ್ಟು ಬಾಗಿರುತ್ತದೆ. ಗಾಲಿಯೊಂದಿಗೆ ಅದೂ ತಿರುಗುವುದರಿಂದ, ಈಗ ಮೇಲಿದ್ದ ಭಾಗ ಅರ್ಧ ಸುತ್ತಿಗೆ ಕೆಳಗೆ ಬರುತ್ತದೆ. ಅಂದರೆ ಪ್ರತಿ ಸುತ್ತಿಗೂ ತಂತಿಯನ್ನು ಹಿಂದೆ ಮುಂದೆ ಬಾಗಿಸಿದ ಹಾಗೆ. ಗಾಲಿಯ ವ್ಯಾಸ 1.09 ಮೀಟರ್, ಹಾಗಾದರೆ ಕಿಲೋಮೀಟರಿಗೆ ಸುಮಾರು 290 ಸುತ್ತು. ದಿನಕ್ಕೆ 300 ಕಿಲೋಮೀಟರಿನಂತೆ ವರ್ಷದಲ್ಲಿ 300 ದಿನ ಓಡಿತೆಂದು ಇಟ್ಟುಕೊಂಡರೆ, 36 ವರ್ಷಕ್ಕೆ ಆಗುವುದು 94 ಕೋಟಿ ಸುತ್ತು! (ಲೆಕ್ಕ ಸರಿಯೇ ಎಂದು ಹೈಸ್ಕೂಲಿನವರು ಮಾಡಿ ನೋಡಬಹುದು.) ಆದ್ದರಿಂದಲೇ ಅಚ್ಚುಗಳ ಒಳಗೆ ಕಣ್ಣಿಗೆ ಕಾಣದ ಬಿರುಕು ಹುಟ್ಟಿದೆಯೇ ಎಂದು ಶಬ್ದಾತೀತ ಅಲೆ ಹಾಯಿಸಿ ಆಗಾಗ ಪರೀಕ್ಷಿಸುತ್ತಾರೆ. ಬಸುರಿಯರಿಗೆ ಆಸ್ಪತ್ರೆಯಲ್ಲಿ ಮಾಡುವ ಸ್ಕ್ಯಾನಿಂಗಿನ ತತ್ವವೇ ಇಲ್ಲಿಯದೂ. ಸೋತ ಅಚ್ಚನ್ನು ಕಿತ್ತು ಹೊಸದು ಹಾಕಬಹುದು. ಚೌಕಟ್ಟೇ ದಣಿದರೆ, ಬಿರುಕು ಬಿಟ್ಟರೆ, ಹೊಸ ಚೌಕಟ್ಟು ಹಾಕುವುದಕ್ಕೂ ಹೊಸ ಎಂಜಿನ್ನು ಕಟ್ಟುವುದಕ್ಕೂ ದೊಡ್ಡ ವ್ಯತ್ಯಾಸ ಉಳಿಯುವುದಿಲ್ಲ.

ಶೆಡ್ಡಿನಲ್ಲಿ ನಡೆಯುವ ಇನ್ನೊಂದು ಪರೀಕ್ಷೆ ಇದಕ್ಕಿಂತ ಸೊಗಸು. ಡೀಸೆಲ್ ಯಂತ್ರದ ಒಳಗೆ ಓಡಾಡುವ ಎಣ್ಣೆಯ ಸ್ವಲ್ಪ ಮಾದರಿ ತೆಗೆದು ಸುಡುತ್ತಾರೆ. ಹೊಮ್ಮುವ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡುತ್ತಾರೆ. ಪ್ರತಿ ಧಾತುವಿಗೂ ತನ್ನದೇ ಬಣ್ಣದ ಗೆರೆಗಳಿರುವುದರಿಂದ ಎಣ್ಣೆಯಲ್ಲಿ ಏನು ಸೇರಿದೆ ಎಂಬುದು ತಿಳಿಯುತ್ತದೆ. ತಾಮ್ರ, ಸೀಸ ಹೆಚ್ಚಿದ್ದರೆ ಬೇರಿಂಗು ಸವೆಯುತ್ತಿದೆ. ಅಲ್ಯುಮಿನಿಯಂ ಕಂಡರೆ ಪಿಸ್ಟನ್ನಿನ ಮೇಲೆ ಅನುಮಾನ. ಸಿಲಿಕಾನ್ ಕಂಡರೆ ಗಾಳಿಯ ಜಾಲರಿ ದಾಟಿ ಧೂಳು ಒಳಹೊಕ್ಕಿದೆ, ಏಕೆಂದರೆ ಧೂಳೆಂದರೆ ಮುಖ್ಯವಾಗಿ ಮರಳಿನ ಪುಡಿ. ಸೋಡಿಯಂ ಇದ್ದರೆ ತಂಪು ಮಾಡುವ ನೀರು ಎಣ್ಣೆಗೆ ಸೋರುತ್ತಿದೆ. ಒಂದು ಬೋಲ್ಟನ್ನೂ ಬಿಚ್ಚದೆ ಹೊಟ್ಟೆಯೊಳಗಿನ ರೋಗ ತಿಳಿಯುತ್ತದೆ. ಪಿಯುಸಿಯ ರಸಾಯನಶಾಸ್ತ್ರದಲ್ಲಿ ರೋಹಿತದ ಪಾಠವನ್ನು ಉರು ಹೊಡೆಯುವವರಿಗೆ ಅದು ರೈಲ್ವೆ ಶೆಡ್ಡಿನಲ್ಲೂ ಉಪಯೋಗಕ್ಕಿದೆಯೆಂದು ಯಾರಾದರೂ ಹೇಳುತ್ತಾರೆಯೇ?

ದಣಿವಿನ ಜೊತೆಗೆ ಇನ್ನೊಂದು ಕಾರಣವೂ ಇದೆ. ಹಳೆಯದು ಚೆನ್ನಾಗಿಯೇ ಇರಬಹುದು. ಪಕ್ಕದಲ್ಲಿ ಬಂದು ನಿಂತ ಹೊಸದು ಅದಕ್ಕಿಂತ ತುಂಬ ಚೆನ್ನಾಗಿರಬಹುದು. ಗೋವಾದ ಕುಳೆಂನಿಂದ ನಮ್ಮ ಕ್ಯಾಸಲ್‌ರಾಕ್‌ಗೆ ಹತ್ತುವ ಘಟ್ಟದ ಏರು 37ಕ್ಕೆ 1. ಅಂದರೆ 37 ಮೀಟರ್ ಸಾಗಿದರೆ ಒಂದು ಮೀಟರ್ ಮೇಲೆ. ಮರ್ಮುಗೋವಾ ಬಂದರಿನಿಂದ ಕಲ್ಲಿದ್ದಲು ತುಂಬಿ ಬರುವ ಗಾಡಿಯ ತೂಕ 4,700 ಟನ್ ಇದ್ದರೆ, ಅದು ಹಿಂದಕ್ಕೆ ಜಾರದಂತೆ ಹಿಡಿಯುವುದಕ್ಕೇ 127 ಟನ್ನಿನಷ್ಟು ಬಲ ಬೇಕು. ಡಬ್ಲ್ಯುಡಿಎಂ-2 ತನ್ನ ಶಕ್ತಿಯನ್ನೆಲ್ಲ ಹಾಕಿ ಎಳೆದರೂ ಸಿಗುವುದು ಸುಮಾರು 30 ಟನ್. 1999ರಲ್ಲಿ ಹುಬ್ಬಳ್ಳಿಯ ಶೆಡ್ಡಿಗೆ ಬಂದ 4,000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ಐವತ್ತಕ್ಕೂ ಹೆಚ್ಚು ಟನ್ ಎಳೆಯಬಲ್ಲದು. ತೂಕದಲ್ಲಿ ಎರಡಕ್ಕೂ ಅಂತಹ ಅಂತರವಿಲ್ಲ. ಗುಟ್ಟು ಇರುವುದು ಮೋಟಾರುಗಳಲ್ಲಿ. ಹಳೆಯದರ ನೇರ ವಿದ್ಯುತ್ತಿನ ಮೋಟಾರಿನಲ್ಲಿ ಗಾಲಿ ಜಾರತೊಡಗಿದರೆ ತಡೆಯುವುದು ಕಷ್ಟ. ಹೊಸದರ ಪರ್ಯಾಯ ವಿದ್ಯುತ್ತಿನ ಮೋಟಾರನ್ನು ಕಂಪ್ಯೂಟರು ಕ್ಷಣಕ್ಷಣಕ್ಕೂ ತಿದ್ದುತ್ತದೆ. ಅಂಥ ಎಂಜಿನ್ನುಗಳನ್ನೇ ಮುಂದೆರಡು ಹಿಂದೆ ಮೂರು ಎಂದು ಐದರವರೆಗೂ ಹಚ್ಚಿ ಆ ಘಟ್ಟ ಹತ್ತಿಸುತ್ತಿದ್ದರು. ಹಳೆಯವಾದರೆ ಎಷ್ಟು ಬೇಕಾಗುತ್ತಿತ್ತೆಂದು ಊಹಿಸಿಕೊಳ್ಳಬಹುದು.

‘ಕಂಡಮ್’ ಎಂದು ಬರೆದ ಮೇಲೆ ಎಂಜಿನ್ನಿನ ಉಪಯುಕ್ತ ಭಾಗಗಳನ್ನು ಶೆಡ್ಡಿನವರು ಬಿಚ್ಚಿಕೊಳ್ಳುತ್ತಾರೆ. ಎಣ್ಣೆ ಬಸಿಯುತ್ತಾರೆ, ಬ್ಯಾಟರಿ ಇಳಿಸುತ್ತಾರೆ. ಉಳಿದದ್ದು ಹರಾಜಿಗೆ. ಹಿಂದೆ ಯಾರ್ಡಿನಲ್ಲಿ ನಿಂತು ಕೂಗಿ ನಡೆಯುತ್ತಿದ್ದ ಹರಾಜು ಈಗ ಕಂಪ್ಯೂಟರಿನ ಮೂಲಕ. ಗೆದ್ದ ಗುಜರಿ ವ್ಯಾಪಾರಿಯ ಆಳುಗಳು ಗ್ಯಾಸ್ ಕಟ್ಟರ್ ಹಿಡಿದು ಬರುತ್ತಾರೆ.

ಗ್ಯಾಸ್ ಕಟ್ಟರ್ ಉಕ್ಕನ್ನು ಬರೀ ಕರಗಿಸುತ್ತದೆಂದೇ ಬಹಳ ಜನರ ನಂಬಿಕೆ. ನಿಜದಲ್ಲಿ ಅದು ಉಕ್ಕನ್ನು ಸುಡುತ್ತದೆ. ಜ್ವಾಲೆಯಿಂದ ಒಂದು ಚುಕ್ಕೆಯನ್ನು ಸುಮಾರು 900 ಡಿಗ್ರಿಗೆ ಕಾಯಿಸಿ, ಅದರ ಮೇಲೆ ಶುದ್ಧ ಆಮ್ಲಜನಕವನ್ನು ರಭಸವಾಗಿ ಬಿಟ್ಟರೆ ಕಬ್ಬಿಣ ಕಟ್ಟಿಗೆಯಂತೆ ಹೊತ್ತಿಕೊಳ್ಳುತ್ತದೆ. ಹೀಗೆ ಹುಟ್ಟುವ ಆಕ್ಸೈಡು ಕರಗುವುದು ಸುಮಾರು 1,370 ಡಿಗ್ರಿಗೆ, ಕಬ್ಬಿಣ ಕರಗುವುದು 1,538ಕ್ಕೆ. ಆದ್ದರಿಂದ ಆಕ್ಸೈಡು ಮೊದಲು ನೀರಾಗಿ ಹರಿದುಹೋಗುತ್ತದೆ, ಅಂಚು ಗಟ್ಟಿಯಾಗಿಯೇ ಉಳಿಯುತ್ತದೆ, ಉಕ್ಕು ಗೆರೆ ಎಳೆದಂತೆ ಸೀಳುತ್ತದೆ. ನಿಧಾನವಾಗಿ ನಡೆದರೆ ತುಕ್ಕು, ಕ್ಷಣದಲ್ಲಿ ನಡೆದರೆ ಕಟ್ಟರ್. ಎರಡೂ ಕಬ್ಬಿಣ ಆಮ್ಲಜನಕದೊಡನೆ ಸೇರುವ ಕ್ರಿಯೆಯೇ. ತಾಮ್ರ ಹೀಗೆ ಉರಿಯುವುದಿಲ್ಲ. ಮೋಟಾರಿನ ಸುರುಳಿಗಳನ್ನು ಬಿಚ್ಚಿಯೇ ತೆಗೆಯಬೇಕು. ಕೆಲಸ ಅಪಾಯದ್ದು. ಟ್ಯಾಂಕಿನ ಮೂಲೆಯಲ್ಲಿ ಡೀಸೆಲಿನ ಆವಿ ಉಳಿದಿದ್ದರೆ ಒಂದು ಕಿಡಿ ಸಾಕು. ಎಷ್ಟೋ ಗುಜರಿ ಅಂಗಳಗಳಲ್ಲಿ ಕಪ್ಪು ಕನ್ನಡಕವೂ ಕೈಗವಸೂ ಇಲ್ಲದೆ ಈ ಕೆಲಸ ನಡೆಯುತ್ತದೆ. ಹರಾಜಿನ ಹಣದ ಲೆಕ್ಕ ಇಡುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಬ್ಬಿಣಕ್ಕೆ ಮಾತ್ರ ಮುಪ್ಪಿಲ್ಲ. ಕರಗಿಸಿದರೆ ದಣಿವೆಲ್ಲ ಅಳಿಸಿಹೋಗಿ ಹೊಸದಾಗುತ್ತದೆ. ಒಂದು ಟನ್ ಗುಜರಿ ಉಕ್ಕನ್ನು ಮತ್ತೆ ಬಳಸಿದರೆ ಸುಮಾರು 1.4 ಟನ್ ಅದಿರು ನೆಲದಲ್ಲೇ ಉಳಿಯುತ್ತದೆ; ಬಳ್ಳಾರಿ, ಸಂಡೂರಿನ ಗುಡ್ಡಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಬೆಂಗಳೂರಿನ ಯಲಹಂಕದಲ್ಲಿ 1984ರಿಂದ ನಡೆಯುತ್ತಿರುವ ಗಾಲಿ ಕಾರ್ಖಾನೆಗೆ ರೈಲ್ವೆಯ ಸವೆದ ಗಾಲಿಗಳೂ ಅಚ್ಚುಗಳೂ ಗುಜರಿಯಾಗಿ ಬಂದು ಬೀಳುತ್ತವೆ. ವಿದ್ಯುತ್ ಕುಲುಮೆಯಲ್ಲಿ ಕರಗಿ, ಗ್ರಾಫೈಟಿನ ಅಚ್ಚಿನಲ್ಲಿ ಎರಕಗೊಂಡು, ಹೊಸ ಗಾಲಿಗಳಾಗಿ ಹೊರಡುತ್ತವೆ.

ಇಷ್ಟು ಹೇಳಿದ್ದು ತುಂಬು ಬಾಳು ಬಾಳಿದ ಎಂಜಿನ್ನುಗಳ ಮಾತು. ಈಗ ಶೆಡ್ಡುಗಳ ಮುಂದಿರುವ ಪ್ರಶ್ನೆ ಬೇರೆ. 2014ರಿಂದೀಚೆಗೆ ಹಳಿಗಳ ವಿದ್ಯುದೀಕರಣ ನಾಗಾಲೋಟದಲ್ಲಿ ನಡೆದು, 2025ರ ಹೊತ್ತಿಗೆ ಬ್ರಾಡ್‌ಗೇಜ್ ಜಾಲದ ನೂರಕ್ಕೆ 98 ಪಾಲಿಗೂ ಹೆಚ್ಚು ತಂತಿಯ ಕೆಳಗೆ ಬಂದಿದೆ. ಇದು ಒಳ್ಳೆಯದೇ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85 ಪಾಲಿಗೂ ಹೆಚ್ಚು ಹೊರಗಿನಿಂದ ಬರುತ್ತದೆ. ಮೇಲಾಗಿ ಹೊಸ ವಿದ್ಯುತ್ ಎಂಜಿನ್ನುಗಳು ಇಳಿಜಾರಿನಲ್ಲಿ ಬ್ರೇಕು ಹಾಕಿದಾಗ ಮೋಟಾರೇ ಜನರೇಟರಾಗಿ ತಂತಿಗೆ ವಿದ್ಯುತ್ತನ್ನು ಮರಳಿಸುತ್ತವೆ. ಆ ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲಿನದೇ ಎಂಬುದನ್ನು ಮರೆಯಬಾರದು, ಅಷ್ಟೆ.

ಆದರೆ ಗೂಡ್ಸಿಗೆಂದೇ 1995ರಿಂದ ಮಾಡಿದ 3,100 ಅಶ್ವಶಕ್ತಿಯ ಡಬ್ಲ್ಯುಡಿಜಿ-3ಎ ಡೀಸೆಲುಗಳ ಗತಿಯೇನು? 2010ರಲ್ಲಿ ಹೊರಬಂದ ಎಂಜಿನ್ನಿನ ಆಯಸ್ಸು ನಿಯಮದಂತೆ 2046ರವರೆಗೆ. ದಣಿಯದ ಯಂತ್ರವನ್ನು ಕೆಲಸವಿಲ್ಲವೆಂದು ಕತ್ತರಿಸಿದರೆ, ಅದನ್ನು ಕಟ್ಟಲು ಸುಟ್ಟ ಕಲ್ಲಿದ್ದಲು, ಬಳಸಿದ ತಾಮ್ರ, ಕೊಟ್ಟ ತೆರಿಗೆಯ ಹಣ, ಎಲ್ಲದರ ಅರ್ಧ ಹೋದಂತೆ. ಡೀಸೆಲಿನ ಉಳಿತಾಯವನ್ನು ಹೇಳುವಾಗ ಈ ಅರ್ಧವನ್ನು ಕಳೆದು ಹೇಳುವುದು ನ್ಯಾಯ.

ಪ್ರಯತ್ನಗಳು ನಡೆಯದೆ ಇಲ್ಲ. 2018ರಲ್ಲಿ ವಾರಾಣಸಿಯವರು ಎರಡು ಹಳೆಯ ಗೂಡ್ಸ್ ಡೀಸೆಲುಗಳ ಒಳಗನ್ನು ತೆಗೆದು, ವಿದ್ಯುತ್ ಯಂತ್ರ ತುಂಬಿ, 10,000 ಅಶ್ವಶಕ್ತಿಯ ಜೋಡಿ ಎಂಜಿನ್ನು ಮಾಡಿದರು. ಬುದ್ಧಿವಂತಿಕೆಯ ಕೆಲಸ, ಆದರೆ ಬೆರಳೆಣಿಕೆಗೇ ನಿಂತುಹೋಯಿತು. ಬಾಂಗ್ಲಾದೇಶಕ್ಕೆ ಭಾರತ 2020ರಲ್ಲಿ ಹತ್ತು, 2023ರಲ್ಲಿ ಇಪ್ಪತ್ತು ಡೀಸೆಲ್ ಎಂಜಿನ್ನುಗಳನ್ನು ಕೊಟ್ಟಿತು. ಅಲ್ಲಿಯೂ ಬ್ರಾಡ್‌ಗೇಜಿನ ಅಗಲ ನಮ್ಮಷ್ಟೇ, 1,676 ಮಿಲಿಮೀಟರ್ ಆದ್ದರಿಂದ ಗಾಲಿ ಬದಲಿಸುವ ಗೋಜಿಲ್ಲ. ಕೃಷ್ಣರಾಜಪುರದ ಡೀಸೆಲ್ ಶೆಡ್ಡಿನಲ್ಲಿ ಈಗ ವಿದ್ಯುತ್ ಎಂಜಿನ್ನುಗಳೂ ನಿಲ್ಲುತ್ತವೆ. ಶಬ್ದ ಕೇಳಿಯೇ ಯಾವ ಸಿಲಿಂಡರು ಕೆಟ್ಟಿದೆ ಎನ್ನುತ್ತಿದ್ದ ಮೆಕ್ಯಾನಿಕ್ಕುಗಳು, ಸದ್ದೇ ಇಲ್ಲದ ಯಂತ್ರವನ್ನು ಮೀಟರು ಹಿಡಿದು ಕಲಿಯಬೇಕಾಗಿದೆ.

ಇನ್ನು ಕೆಲವು ಡೀಸೆಲುಗಳನ್ನು ಆಪತ್ತಿಗೆಂದು ಇಟ್ಟುಕೊಳ್ಳಲೇಬೇಕು. ಚಂಡಮಾರುತಕ್ಕೆ ಕಂಬಗಳು ಉರುಳಿ ತಂತಿ ನೆಲಕ್ಕೆ ಬಿದ್ದಾಗ, ದುರಸ್ತಿಯ ಗಾಡಿಯನ್ನು ಅಲ್ಲಿಗೆ ಎಳೆದೊಯ್ಯಬಲ್ಲದ್ದು ಡೀಸೆಲ್ ಮಾತ್ರ. ಹಾಗೆ ಇಟ್ಟುಕೊಳ್ಳುವುದೂ ಸುಲಭವಲ್ಲ. ನಿಂತಲ್ಲೇ ನಿಂತ ಎಂಜಿನ್ನಿನ ರಬ್ಬರು ಒಣಗುತ್ತದೆ, ಬ್ಯಾಟರಿ ಇಳಿಯುತ್ತದೆ, ಮೋಟಾರಿನ ಸುರುಳಿಗೆ ತೇವ ಹಿಡಿಯುತ್ತದೆ. ಆದ್ದರಿಂದ ಓಡಿಸುವ ಕೆಲಸವಿರಲಿ ಇಲ್ಲದಿರಲಿ, ಅವುಗಳನ್ನು ಆಗಾಗ ಚಾಲೂ ಮಾಡಿ, ಸ್ವಲ್ಪ ಹೊತ್ತು ಗುಡುಗಿಸಿ, ನಾಲ್ಕು ಮಾರು ಹಿಂದೆ ಮುಂದೆ ಸರಿಸಿ ಮತ್ತೆ ನಿಲ್ಲಿಸಬೇಕಾಗುತ್ತದೆ.