ಗೃಹವಾರ್ತೆ: ಹೊಗೆಯಿಲ್ಲದ ಮಹಾನಸ

ತರ್ಕಶಾಸ್ತ್ರವನ್ನು ಓದತೊಡಗಿದ ಬಾಲಕನಿಗೆ ಮೊದಲು ಹೇಳಿಕೊಡುವ ಅನುಮಾನವು ಬೆಟ್ಟದ ಮೇಲಿನ ಹೊಗೆಯದು. ಬೆಟ್ಟದಲ್ಲಿ ಹೊಗೆ ಕಾಣುತ್ತದೆ. ಆದಕಾರಣ ಅಲ್ಲಿ ಬೆಂಕಿಯಿರಬೇಕು. ಹೊಗೆಯಿದ್ದಲ್ಲಿ ಬೆಂಕಿಯಿರುವುದನ್ನು ಮೊದಲು ಎಲ್ಲಿ ಕಂಡೆ ಎಂದು ಕೇಳಿದರೆ, ಮಹಾನಸದಲ್ಲಿ, ಅಂದರೆ ಅಡಿಗೆಯ ಮನೆಯಲ್ಲಿ ಎಂದು ಉತ್ತರ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರೆಲ್ಲರೂ ಈ ದೃಷ್ಟಾಂತವನ್ನು ಬಲ್ಲರು. ನಾವೂ ಮೂವತ್ತೆರಡು ವರ್ಷ ಹುಡುಗರಿಗೆ ಸಂಸ್ಕೃತವನ್ನು ಹೇಳಿಕೊಟ್ಟು, ಸಮಯ ಸಿಕ್ಕಿದಾಗಲೆಲ್ಲ ಇದನ್ನು ವಿವರಿಸಿ ಸಂತೋಷಪಟ್ಟವರೇ. ಆ ಮಹಾನಸದೊಳಗೆ ಒಬ್ಬರು ಕುಳಿತು ಕೆಮ್ಮುತ್ತಿರುತ್ತಾರೆಂಬುದು ಮಾತ್ರ ನಮ್ಮ ಪಾಠದಲ್ಲಿ ಎಂದೂ ಬರಲಿಲ್ಲ.

ಗೋವಿನಕೋವಿಯಲ್ಲಿರುವ ನಮ್ಮ ಮನೆಯು ಅಜ್ಜನವರ ಕಾಲದ್ದು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮಂಗಳೂರು ಹೆಂಚು. ಪಡಸಾಲೆಗೆ ಕೆಂಪು ಗಾರೆ ಬಿದ್ದು ನಲವತ್ತು ವರ್ಷವಾಯಿತು. ಬಚ್ಚಲಿಗೆ ಬಿಳಿಯ ಕಲ್ಲು ಬಂದಿತು. ನಮ್ಮ ಪುಸ್ತಕಗಳಿಗೆ ಗಾಜಿನ ಬಾಗಿಲಿನ ಕಪಾಟು ಬಂದಿತು. ಅಡಿಗೆಯ ಮನೆ ಮಾತ್ರ ಇದ್ದಂತೆಯೇ ಇದ್ದಿತು. ನಡುಹಗಲಿನಲ್ಲಿಯೂ ದೀಪ ಹಚ್ಚಬೇಕು. ಗೇಣಗಲದ ಒಂದು ಬೆಳಕಿಂಡಿ. ನೆಲದ ಮೇಲೆ ಮಣ್ಣಿನ ಒಲೆ, ಅದರ ಪಕ್ಕಕ್ಕೆ ಕೋಡೊಲೆ. ಬಾಗಿಲೋ, ತಲೆ ತಗ್ಗಿಸದೆ ಹೋದವರ ಹಣೆಗೆ ಬುದ್ಧಿ ಹೇಳುವಂಥದು. 1998ರಲ್ಲಿಯೇ ನಮ್ಮಲ್ಲಿಗೆ ಗ್ಯಾಸು ಬಂದಿದ್ದರೂ, ಅದನ್ನು ಮೂಲೆಯ ಮರದ ಸ್ಟೂಲಿನ ಮೇಲೆ ಅತಿಥಿಯಂತೆ ಕುಳ್ಳಿರಿಸಿ, ಕಾಫಿಗೂ ಹಾಲಿಗೂ ಮಾತ್ರ ಉಪಯೋಗಿಸುತ್ತಿದ್ದೆವು. ಅನ್ನ, ರೊಟ್ಟಿ, ದನದ ಹುರುಳಿ, ಸ್ನಾನದ ನೀರು ಎಲ್ಲವೂ ಸೌದೆಯದೇ. ತೋಟದಲ್ಲಿ ತೆಂಗಿನ ಮಟ್ಟೆ, ಅಡಿಕೆಯ ಸೋಗೆ ಬಿದ್ದಿರುವಾಗ ಸಿಲಿಂಡರಿಗೆ ದುಡ್ಡು ಸುರಿಯುವುದೇತಕ್ಕೆ? ಈ ಪ್ರಶ್ನೆಯನ್ನು ಕೇಳುತ್ತಿದ್ದವರು ನಾವು. ಒಲೆಯನ್ನು ಊದುತ್ತಿದ್ದವರು ನಾವಲ್ಲ.

ಎರಡು ಮಳೆಗಾಲಗಳಿಂದ ನಮ್ಮ ಗೃಹಿಣಿಗೆ ಕೆಮ್ಮು ಬಿಡಲಿಲ್ಲ. ಕಷಾಯವಾಯಿತು, ಜೇನುತುಪ್ಪವಾಯಿತು, ಕಡೆಗೆ ಶಿವಮೊಗ್ಗೆಯ ವೈದ್ಯರೊಬ್ಬರಲ್ಲಿಗೆ ಕರೆದುಕೊಂಡು ಹೋದೆವು. ಅವರು ಒಂದು ಕೊಳವೆಯೊಳಗೆ ಊದಿಸಿ ನೋಡಿ, "ಒಲೆ ಊದಿ ಎಷ್ಟು ವರ್ಷವಾಯಿತು, ತಾಯಿ?" ಎಂದು ಕೇಳಿದರು. "ಈ ಮನೆಗೆ ಬಂದಾಗಿನಿಂದ, ಮೂವತ್ತೈದು ವರ್ಷ" ಎಂದಳು. ಬೀಡಿ ಸೇದುವವರಿಗೆ ಬರುವ ಶ್ವಾಸಕೋಶದ ವ್ಯಾಧಿಯೇ ಇದೆಂದೂ, ಸವೆದದ್ದು ಮರಳಿ ಬಾರದೆಂದೂ, ಹೊಗೆಯನ್ನು ನಿಲ್ಲಿಸಿದರೆ ಮುಂದೆ ಸವೆಯುವುದು ನಿಧಾನವಾಗುವುದೆಂದೂ ಅವರು ತಿಳಿಸಿದರು. ಮನೆಯೊಳಗಿನ ಇಂಥ ಹೊಗೆಯಿಂದ 2020ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಲೆಕ್ಕ ಹಾಕಿದ್ದಾರೆ. ಆ ಸಂಖ್ಯೆಯನ್ನು ನಾವು ಹಿಂದೆ ಪತ್ರಿಕೆಯಲ್ಲಿ ಓದಿ ಪುಟ ತಿರುವಿದ್ದೆವು. ಶಿವಮೊಗ್ಗೆಯಿಂದ ಹಿಂದಿರುಗುವಾಗ ಬಸ್ಸಿನಲ್ಲಿ ನಾವಿಬ್ಬರೂ ಮಾತನಾಡಲಿಲ್ಲ.

ಬೇಸಗೆಯ ರಜೆಗೆ ಮಕ್ಕಳು ಬಂದಾಗ ಕೆಲಸವನ್ನು ಹಿಡಿಯುವುದೆಂದು ನಿಶ್ಚಯವಾಯಿತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನು ಅಲ್ಲಿಯ ಅಂಗಡಿಯೊಂದರಿಂದ ಅಂದಾಜು ತರಿಸಿದನು, 4,75,000 ರೂಪಾಯಿ. ಅಷ್ಟು ಹಣಕ್ಕೆ ನಮ್ಮ ತಂದೆಯವರು ಎರಡು ಎಕರೆ ಗದ್ದೆಯನ್ನು ಕೊಳ್ಳುತ್ತಿದ್ದರು. ತಮ್ಮನೂ ಅವನ ಮಗನೂ ಕೈ ಕೊಡುವುದು, ಗಾರೆಯವನನ್ನೂ ಬಡಗಿಯನ್ನೂ ಮಾತ್ರ ಕೂಲಿಗೆ ಕರೆಯುವುದು ಎಂದು ಏರ್ಪಾಡಾಯಿತು.

ಆಕ್ಷೇಪಣೆ ಬಂದದ್ದು ಎಂಬತ್ತಮೂರು ವರ್ಷದ ನಮ್ಮ ತಾಯಿಯವರಿಂದ. "ಹೊಗೆ ಹೋದರೆ ಜಂತೆಗೆ ಹುಳ ಬೀಳ್ತದೆ ಕಣಪ್ಪ. ಬೀಜದ ಸೋರೆಕಾಯಿ, ಜೋಳದ ತೆನೆ ಎಲ್ಲಿ ಕಟ್ತೀಯ?" ಎಂದರು. ಮುದುಕರ ಹಠವೆಂದು ಮಗನು ನಕ್ಕನು. ಆದರೆ ಮಾತು ಸತ್ಯವಾದುದು. ತಲೆಮಾರುಗಳ ಹೊಗೆಯಿಂದಲೇ ಆ ತೊಲೆಗಳು ಕಬ್ಬಿಣದಂತೆ ಕಪ್ಪಾಗಿ ಉಳಿದಿದ್ದವು. ಹೊಗೆಯ ಕೆಲಸವನ್ನು ಮಾಡುವುದಕ್ಕೆ ಬೇರೊಂದು ವಸ್ತು ಬೇಕು. ಮಸಿಯನ್ನು ಕೆರೆದು ತೆಗೆದು, ಜಂತೆಗಳಿಗೆಲ್ಲ ಗೇರೆಣ್ಣೆಯನ್ನು ಎರಡು ಸಲ ಬಳಿಸಿದೆವು. ಗೇರೆಣ್ಣೆ ಮೈಗೆ ತಾಗಿದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ; ಕೈಗೆ ಚೀಲ ಕಟ್ಟಿಕೊಂಡೇ ಬಳಿಯಬೇಕು. ಈ ಉಪಾಯವನ್ನು ಹೇಳಿದವರೂ ತಾಯಿಯವರೇ.

ಇನ್ನು ನಕ್ಷೆಯ ವಿಚಾರ. ಮಗನು ಒಂದನ್ನು ಬರೆದನು. ತಮ್ಮನು ಕಡ್ಡಿಯಿಂದ ಅಂಗಳದಲ್ಲಿ ಇನ್ನೊಂದನ್ನು ಗೀರಿದನು. ನಾವು ಆಗ್ನೇಯ ದಿಕ್ಕಿನ ಮೇಲೆ ಸಣ್ಣದೊಂದು ಉಪನ್ಯಾಸವನ್ನು ಮಾಡಿದೆವು. ಮೂವರು ಗಂಡಸರು ಮೂರು ದಿನ ಜಗಳವಾಡಿದ ಮೇಲೆ, ನಮ್ಮ ಗೃಹಿಣಿಯು ಸೌಟನ್ನು ಹಿಡಿದುಕೊಂಡೇ ಬಾಗಿಲಿಗೆ ಬಂದು, "ನನ್ನನ್ನೂ ಒಂದು ಮಾತು ಕೇಳಬಹುದಲ್ಲರೀ" ಎಂದಳು. ನಾವು ಲಜ್ಜಿತರಾದೆವು.

ಸೊಸೆಯು ಓದಿಕೊಂಡವಳು. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಹೊಸ ಬಡಾವಣೆಗಳು ಏಳುತ್ತಿದ್ದಾಗ ಮಾರ್ಗರೆಟೆ ಷೂಟ್ಟೆ-ಲಿಹೋಟ್ಸ್ಕಿ ಎಂಬ ಸ್ತ್ರೀಯು, ರೈಲಿನ ಊಟದ ಡಬ್ಬಿಯಲ್ಲಿರುವ ಇಕ್ಕಟ್ಟಾದ ಅಡಿಗೆಕೋಣೆಯನ್ನು ಮಾದರಿಯಾಗಿ ಇಟ್ಟುಕೊಂಡು, ಅಡಿಗೆಯವಳ ಹೆಜ್ಜೆಗಳಿಗೂ ಹೊತ್ತಿಗೂ ಲೆಕ್ಕವಿಟ್ಟು ಅಡಿಗೆಯ ಮನೆಗಳನ್ನು ರಚಿಸಿದಳೆಂದು ಅವಳು ಹೇಳಿದಳು. ಆ ಮಾದರಿಯನ್ನು ಸುಮಾರು ಹತ್ತು ಸಾವಿರ ಮನೆಗಳಲ್ಲಿ ಹಾಕಿದರಂತೆ. ಮಾರನೆಯ ಬೆಳಗ್ಗೆ ನಮ್ಮ ಮಗಳು ಗೋಡೆಗೊರಗಿ ಕುಳಿತು ತಾಯಿಯ ಹೆಜ್ಜೆಗಳನ್ನು ಎಣಿಸಿದಳು. ರೊಟ್ಟಿ, ಪಲ್ಯ, ಅನ್ನ, ಸಾರುಗಳ ಒಂದು ಹೊತ್ತಿಗೆ 640 ಹೆಜ್ಜೆಗಳು. ಕುಳಿತು ಎದ್ದದ್ದು 43 ಸಲ. ನೀರಿನ ಕೊಳಗ ಒಂದು ಮೂಲೆ, ಹಿಟ್ಟಿನ ಡಬ್ಬ ಮತ್ತೊಂದು ಮೂಲೆ, ಪಾತ್ರೆಗಳು ಹಿತ್ತಿಲ ಬಾಗಿಲಿನ ಬಳಿ. ನಲಚರಿತ್ರೆಯಲ್ಲಿ ಬಾಹುಕನು ಅಡಿಗೆಗೆ ನಿಂತರೆ ತಗ್ಗಿನ ಬಾಗಿಲು ತಾನಾಗಿ ಎತ್ತರವಾಗುತ್ತದೆ, ಬರಿಯ ಕೊಡವು ನೋಡಿದ ಮಾತ್ರಕ್ಕೆ ತುಂಬುತ್ತದೆ, ಹುಲ್ಲನ್ನು ಹಿಡಿದರೆ ಊದದೆಯೇ ಬೆಂಕಿ ಹೊತ್ತುತ್ತದೆ. ಅಡಿಗೆ ಮಾಡುವವನು ಗಂಡಸಾದರೆ ಎಷ್ಟು ವರಗಳು, ನೋಡಿರಿ!

ನೀರು, ಹೆಚ್ಚುವ ಜಾಗ, ಒಲೆ ಮೂರೂ ಒಂದೇ ಸಾಲಿಗೆ ಬಂದವು. ಎತ್ತರದ ಮಾತು ಬಂದಾಗ ಮಗನ ನಕ್ಷೆಯಲ್ಲಿ 36 ಅಂಗುಲವೆಂದಿದ್ದಿತು. ನಮ್ಮ ಗೃಹಿಣಿಯ ಎತ್ತರ ಐದಡಿಗೆ ಒಂದಂಗುಲ ಕಡಿಮೆ. ಇಟ್ಟಿಗೆಗಳನ್ನು ಪೇರಿಸಿ ಮೇಲೆ ಹಲಗೆಯನ್ನಿಟ್ಟು, ಅದರ ಮೇಲೆ ಅವಳಿಂದ ನಾಲ್ಕು ದಿನ ನಿಜವಾಗಿಯೂ ಹಿಟ್ಟು ನಾದಿಸಿ, ಬದನೆಕಾಯಿ ಹೆಚ್ಚಿಸಿ ನೋಡಿದೆವು. ಮೊಣಕೈಯನ್ನು ಮಡಿಸಿ ನಿಂತಾಗ ಅದರಿಂದ ಸುಮಾರು ಐದಂಗುಲ ಕೆಳಗೆ ಕಟ್ಟೆಯಿದ್ದರೆ ಹೆಗಲು ನೋಯುವುದಿಲ್ಲವೆಂದು ಕಂಡಿತು. 32 ಅಂಗುಲಕ್ಕೆ ನಿಂತೆವು. ಗ್ಯಾಸಿನ ಒಲೆಯೂ ಅದರ ಮೇಲಿನ ಪಾತ್ರೆಯೂ ತಮ್ಮ ಎತ್ತರವನ್ನು ಕೂಡಿಸುವುದರಿಂದ, ಒಲೆಯಿಡುವ ಭಾಗವನ್ನು ಇನ್ನೂ ನಾಲ್ಕಂಗುಲ ಇಳಿಸಿದೆವು. ಇದಕ್ಕೆ ಖರ್ಚಾದದ್ದು ಎರವಲು ತಂದ ಇಟ್ಟಿಗೆ ಮಾತ್ರ. ವಾಚಕರು ಕಲ್ಲನ್ನು ಕೊಯ್ಯಿಸುವುದಕ್ಕೆ ಮುಂಚೆ ಹೀಗೆ ಮಾಡಿ ನೋಡಬಹುದು.

ಕೆಲಸದ ಐದನೆಯ ದಿನ ಒಂದು ಅನಾಹುತ ತಪ್ಪಿತು. ಪೂರ್ವದ ಗೋಡೆಯಲ್ಲಿ ಮೂರಡಿ ಅಗಲದ ಕಿಟಕಿಯನ್ನು ತೆಗೆಯಬೇಕಾಗಿದ್ದಿತು. ಹುಡುಗರ ಉತ್ಸಾಹ! ನಾವು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ತಮ್ಮನ ಮಗನು ಹಾರೆ ಹಿಡಿದು ಗೋಡೆಯನ್ನು ಒಡೆದೇಬಿಟ್ಟಿದ್ದನು. ಮೇಲೆ ಆಸರೆಯಿಲ್ಲದೆ ತೊಲೆ ಒಂದಂಗುಲ ಕುಸಿದು, ಹೆಂಚುಗಳು ಕಿರ್ರೆಂದವು. ತಮ್ಮನು ಓಡಿಹೋಗಿ ಟ್ರ್ಯಾಕ್ಟರಿನ ಜಾಕನ್ನೂ ಎರಡು ತೆಂಗಿನ ದಿಮ್ಮಿಗಳನ್ನೂ ತಂದು ತೊಲೆಯನ್ನು ಎತ್ತಿ ನಿಲ್ಲಿಸಿದನು. ಮಣ್ಣಿನ ಗೋಡೆಯಲ್ಲಿ ಕಿಂಡಿ ತೆಗೆಯುವವರು ಮೊದಲು ಮೇಲಿನ ಭಾರಕ್ಕೆ ಆಸರೆ ಕೊಡಬೇಕು, ಬಳಿಕ ಎರಡು ಕಡೆಯೂ ಮುಕ್ಕಾಲು ಅಡಿಯಾದರೂ ಗೋಡೆಯ ಮೇಲೆ ಕೂರುವಂತೆ ಅಡ್ಡತೊಲೆಯನ್ನು ಇಡಬೇಕು, ಕಿಂಡಿ ಆಮೇಲೆ. ಹುಡುಗನು ಅಂದು ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಅವನ ದೊಡ್ಡಮ್ಮನೇ ಹೋಗಿ ಕರೆತಂದಳು.

ಹೆಂಚಿನ ನಡುವೆ ನಾಲ್ಕು ಗಾಜಿನ ಹೆಂಚುಗಳನ್ನು ಕೂರಿಸಿದೆವು. ಸಿಲಿಂಡರನ್ನು ನೆಲಮಟ್ಟದಲ್ಲಿ ನೆಟ್ಟಗೆ ನಿಲ್ಲಿಸಿ, ಅದರ ಪಕ್ಕದ ಗೋಡೆಯಲ್ಲಿ ಕೆಳಗೇ ಒಂದು ಜಾಲರಿಯ ಕಿಂಡಿಯನ್ನು ಇಟ್ಟೆವು. ಈ ಅನಿಲವು ಗಾಳಿಗಿಂತ ಭಾರವಾದುದರಿಂದ, ಸೋರಿದರೆ ಮೇಲಿನ ಕಿಟಕಿಯಿಂದ ಹೋಗದೆ ನೆಲದ ಮೇಲೆ ನೀರಿನಂತೆ ಹರಡುತ್ತದೆ.

ಸೌದೆಯನ್ನು ಪೂರ್ತಿಯಾಗಿ ಬಿಡುವುದಾಗಲಿಲ್ಲ. ಸ್ನಾನದ ಹಂಡೆಗೂ ಹುರುಳಿಗೂ ಹಿತ್ತಿಲಿನ ಚಪ್ಪರದಲ್ಲಿ ಅಸ್ತ್ರ ಒಲೆಯ ಮಾದರಿಯಲ್ಲಿ ಒಂದನ್ನು ಕಟ್ಟಿಸಿದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರು ಆರಂಭಿಸಿದ 'ಅಸ್ತ್ರ' ಎಂಬ ವಿಭಾಗವು ಹಳ್ಳಿಗಳಿಗೆ ಕೊಟ್ಟ ಒಲೆ ಇದು. ಬೆಂಕಿ ಮುಚ್ಚಿದ ಗೂಡಿನೊಳಗೆ ಜಾಲರಿಯ ಮೇಲೆ ಉರಿಯುತ್ತದೆ. ಬಿಸಿಯು ಪಾತ್ರೆಗಳ ತಳವನ್ನು ಸವರಿಕೊಂಡು ಹೋಗಿ, ಹೊಗೆಯು ಕೊಳವೆಯ ಮೂಲಕ ಮಾಡಿನಾಚೆಗೆ ಏರುತ್ತದೆ. ನಮ್ಮ ಸೀಮೆಯ ಹಿರಿಯರಿಗೆ ಇದು ಹೊಸದಲ್ಲ. ಆದರೆ ಕೊಳವೆಯ ಮಸಿಯನ್ನು ಆಗಾಗ್ಗೆ ತೆಗೆಯದಿದ್ದರೆ ಹೊಗೆಯು ಹಿಂದಿರುಗಿ ಮುಖಕ್ಕೇ ಬರುತ್ತದೆ. ಸೌದೆಯೂ ಒಣಗಿರಬೇಕು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಲೇಬೇಕೆಂಬ ನಿಯಮವಿಲ್ಲ, ಹಸಿಯ ಸೌದೆಯ ಸಂಯೋಗವೂ ಬೇಕೆಂದು ತಾರ್ಕಿಕರೂ ಒಪ್ಪಿದ್ದಾರೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಇದನ್ನು ಕೂಡ ನಾವು ಮೂವತ್ತೆರಡು ವರ್ಷ ಹೇಳಿಕೊಟ್ಟಿದ್ದೆವು. ಹೇಳಿಕೊಟ್ಟು, ಮಳೆಗಾಲದಲ್ಲಿ ನೆನೆದ ಮಟ್ಟೆಗಳನ್ನೇ ಒಳಗೆ ತಂದು ಹಾಕುತ್ತಿದ್ದೆವು.

ಹಳೆಯ ಒಲೆಯನ್ನು ತೆಗೆಯುವ ದಿನ ಯಾರೂ ಕೈಯಿಡಲಿಲ್ಲ. ತಾಯಿಯವರೇ ಅದಕ್ಕೆ ಅರಿಸಿನ ಕುಂಕುಮವಿಟ್ಟು, ನಮಸ್ಕರಿಸಿ, ಕುಡುಗೋಲಿನ ಹಿಂಬದಿಯಿಂದ ಮೊದಲನೆಯ ಹೆಂಟೆಯನ್ನು ಬಿಡಿಸಿದರು. ಅವರ ಅತ್ತೆಯವರು ಹಾಕಿದ ಒಲೆಯದು. ಆ ಮಣ್ಣನ್ನು ತೆಂಗಿನ ಬುಡಕ್ಕೆ ಹಾಕಿಸಿದರು. ನಿಂತು ಅಡಿಗೆ ಮಾಡುವುದು ಅವರಿಂದ ಆಗದಾದಕಾರಣ, ಕಿಟಕಿಯ ಕೆಳಗೆ ಒಂದಡಿ ಎತ್ತರದ ಕಲ್ಲಿನ ಜಗಲಿಯೊಂದನ್ನು ಹಾಕಿಸಿ, ಅವರ ಈಳಿಗೆಮಣೆಯನ್ನು ಅಲ್ಲಿಗೇ ಒಯ್ದೆವು. ಬೆಳಗಿನ ಬಿಸಿಲು ಅಲ್ಲಿಗೆ ಬೀಳುತ್ತದೆ. "ಮೂವತ್ತೈದು ವರ್ಷದಲ್ಲಿ ನಿನ್ನ ಮುಖ ಈಗ ಕಂಡಿತು ನೋಡೆ" ಎಂದು ಸೊಸೆಗೆ ಹೇಳಿ ನಕ್ಕರು.

ಒಟ್ಟು ವೆಚ್ಚ 1,86,000 ರೂಪಾಯಿ, ಮನೆಯವರ ಕೂಲಿಯನ್ನು ಬಿಟ್ಟು. ಹೆಜ್ಜೆಗಳು 270ಕ್ಕೆ ಇಳಿದಿವೆ. ಸಿಲಿಂಡರು ಬೇಗನೆ ಮುಗಿಯುತ್ತಿದೆ. ಅದರ ದುಡ್ಡನ್ನು ನಾವು ಮಾತಿಲ್ಲದೆ ಕೊಡುತ್ತಿದ್ದೇವೆ. ಕೆಮ್ಮು ಹೋಗಿಲ್ಲ, ರಾತ್ರಿಯಲ್ಲಿ ಎದ್ದು ಕೂರುವುದು ಮಾತ್ರ ಕಡಿಮೆಯಾಗಿದೆ. ಬಾಗಿಲನ್ನು ಎತ್ತರಿಸುವುದು ಇನ್ನೂ ಬಾಕಿಯಿದೆ. ದೀಪಾವಳಿಗೆ ಮಗನು ಬಂದ ಮೇಲೆ ಆಗಬೇಕು. ಈ ಬಾರಿ ಆಸರೆಯ ದಿಮ್ಮಿಗಳನ್ನು ತಮ್ಮನ ಮಗನು ಈಗಲೇ ತಂದು ಹಿತ್ತಿಲಲ್ಲಿ ಒರಗಿಸಿದ್ದಾನೆ.