ಫಲಿತಾಂಶದ ದಿನ ಹುಟ್ಟುವ ಚಿಂತೆ

ಪಿಯುಸಿ ಫಲಿತಾಂಶ ಪ್ರಕಟವಾದೊಡನೆ ನಮ್ಮ ಅನೇಕ ಮನೆಗಳಲ್ಲಿ ಸಂತೋಷದ ಬೆನ್ನಿಗೇ ಆತಂಕವೂ ಕಾಲಿಡುತ್ತದೆ. ಮಗಳಿಗೆ ಒಳ್ಳೆಯ ಅಂಕಗಳು ಬಂದಿವೆ, ಕಾಲೇಜಿನ ಶುಲ್ಕಕ್ಕೇನು ದಾರಿ? ಹದಿನೆಂಟು ವರ್ಷಗಳ ಹಿಂದೆಯೇ ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆಗೆ ಹದಿನೆಂಟು ದಿನಗಳಲ್ಲಿ ಉತ್ತರ ಹುಡುಕಲು ಹೊರಡುತ್ತೇವೆ.

ಕಾಗವಾಡ ತಾಲೂಕಿನ ಶಿರಗುಪ್ಪಿಯನ್ನೇ ನೋಡೋಣ. ಇದು ಕಬ್ಬಿನ ಸೀಮೆ. ಕಾರ್ಖಾನೆಗಳು ಕಬ್ಬು ನುರಿಸುವುದು ಚಳಿಗಾಲದಲ್ಲಿ. ಕಬ್ಬು ತಲುಪಿದ 14 ದಿನಗಳೊಳಗೆ ಹಣ ಪಾವತಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆಯಾದರೂ ಬಾಕಿ ಬಿಲ್ಲಿಗಾಗಿ ರೈತರು ಬೀದಿಗಿಳಿಯುವುದು ಬೆಳಗಾವಿ ಜಿಲ್ಲೆಗೆ ಹೊಸದಲ್ಲ. ಬಿಲ್ಲು ಕೈಸೇರುವ ಹೊತ್ತಿಗೆ ಬೇಸಿಗೆಯ ಮದುವೆಗಳು ಎದುರು ನಿಂತಿರುತ್ತವೆ. ಕಾಲೇಜು ಪ್ರವೇಶದ ಸಮಯ ಬಂದಾಗ ಪೆಟ್ಟಿಗೆ ಬರಿದಾಗಿರುತ್ತದೆ. ಹೊಲವೇ ಇಲ್ಲದ, ದಿನಗೂಲಿಯನ್ನು ನಂಬಿದ ಮನೆಗಳ ಪಾಡನ್ನಂತೂ ಹೇಳಬೇಕಾಗಿಲ್ಲ.

ಗಡಿಯ ಊರಿಗೆ ಇನ್ನೊಂದು ಸಂಕಟವಿದೆ. ಇಲ್ಲಿಂದ ಬೆಳಗಾವಿ ದೂರ, ಮಿರಜ ಮತ್ತು ಸಾಂಗಲಿ ಹತ್ತಿರ. ಮಕ್ಕಳನ್ನು ಅಲ್ಲಿಗೆ ಕಳುಹಿಸುವುದು ತಪ್ಪಲ್ಲ. ಆದರೆ ಕರ್ನಾಟಕದ ಸಿಇಟಿ ಸೀಟಿಗೆ ಸಾಮಾನ್ಯವಾಗಿ ಕನಿಷ್ಠ 7 ವರ್ಷ ಈ ರಾಜ್ಯದಲ್ಲೇ ಓದಿರಬೇಕು. ನಮ್ಮ 2ಬಿ ಪ್ರಮಾಣಪತ್ರಕ್ಕೆ ಮಹಾರಾಷ್ಟ್ರದ ಮೀಸಲಾತಿಯಲ್ಲಿ ಸ್ಥಾನವಿಲ್ಲ. ಆದ್ದರಿಂದ ಮಗುವನ್ನು ಯಾವ ಕಡೆ ಓದಿಸಬೇಕೆಂಬುದನ್ನು ಬಸ್ಸಿನ ಅನುಕೂಲವಷ್ಟೇ ನಿರ್ಧರಿಸಬಾರದು. ಎಂಟನೆಯ ತರಗತಿಯಲ್ಲಿಯೇ ನಿಯಮಗಳನ್ನು ತಿಳಿದು ನಿರ್ಧರಿಸುವುದು ವಿವೇಕ.

ಇಪ್ಪತ್ತು ವರ್ಷ ದಾಟಿದ ಮುಸ್ಲಿಮರಲ್ಲಿ ಪದವೀಧರರು ಹಾಗೂ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತ ಕಡಿಮೆ ಎಂದು 2006ರಲ್ಲಿ ಸಾಚಾರ್ ಸಮಿತಿ ತಿಳಿಸಿತ್ತು. ಈ ಹಿನ್ನಡೆಯನ್ನು ನೀಗಿಸುವುದು ಸರಕಾರದ ಹೊಣೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ 2022ರಲ್ಲಿ ಕೇಂದ್ರ ಸರಕಾರ ಒಂದರಿಂದ ಎಂಟನೆಯ ತರಗತಿವರೆಗಿನ ಅಲ್ಪಸಂಖ್ಯಾತ ವಿದ್ಯಾರ್ಥಿವೇತನವನ್ನೂ ಮೌಲಾನಾ ಆಝಾದ್ ಸಂಶೋಧನಾ ಫೆಲೋಶಿಪ್ಪನ್ನೂ ನಿಲ್ಲಿಸಿತು. ಇದನ್ನು ಪ್ರಶ್ನಿಸಲೇಬೇಕು. ಜೊತೆಗೆ, ಒಂದು ಆದೇಶದಿಂದ ಬರುವ ನೆರವು ಇನ್ನೊಂದು ಆದೇಶದಿಂದ ಹೋಗಬಹುದೆಂಬ ಪಾಠವನ್ನೂ ಕಲಿಯಬೇಕು. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲವು ಸಿಇಟಿ, ನೀಟ್ ಮೂಲಕ ವೃತ್ತಿಪರ ಕೋರ್ಸಿಗೆ ಆಯ್ಕೆಯಾದವರಿಗೆ ಆಸರೆಯಾಗಿದೆ. ಬಿ.ಎ., ಬಿ.ಕಾಂ. ಓದುವವರ ಗತಿಯೇನು?

ಉಳಿತಾಯವು ಶ್ರೀಮಂತರ ಮಾತೆಂದು ತಳ್ಳಿಹಾಕಬಾರದು. ಐದನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಎಂಟು ವರ್ಷಗಳಾಗುತ್ತವೆ. ತಿಂಗಳಿಗೆ 1000 ರೂಪಾಯಿ ತೆಗೆದಿಟ್ಟರೆ 96,000 ರೂಪಾಯಿ ಕೂಡುತ್ತದೆ. ಐನೂರು ಮಾತ್ರ ಸಾಧ್ಯವಾದರೆ 48,000. ಕಬ್ಬಿನ ಬಿಲ್ಲು ಬಂದ ದಿನವೇ ಮಕ್ಕಳ ಪಾಲನ್ನು ಬೇರೆ ಮಾಡಿದರೆ ಮದುವೆಯ ಶಾಮಿಯಾನಕ್ಕೆ ಅದು ಸಿಗುವುದಿಲ್ಲ. ಲೆಕ್ಕ ಹಾಕುವಾಗ ಬೋಧನಾ ಶುಲ್ಕವೊಂದನ್ನೇ ಬರೆಯಬಾರದು. ಬಸ್ ಪಾಸು, ಹಾಸ್ಟೆಲು, ಪುಸ್ತಕ, ಪರೀಕ್ಷಾ ಶುಲ್ಕಗಳೂ ಅದರಲ್ಲಿರಬೇಕು. ಮೊದಲ ವರ್ಷದ ಹಣ ಹೊಂದಿಸಿ, ಎರಡನೆಯ ವರ್ಷ ಕಾಲೇಜು ಬಿಡಿಸುವುದಕ್ಕಿಂತ ದೊಡ್ಡ ನಷ್ಟ ಬೇರಿಲ್ಲ. ಆ ನಷ್ಟಕ್ಕೆ ಹೆಚ್ಚಾಗಿ ಗುರಿಯಾಗುವವರು ಹೆಣ್ಣುಮಕ್ಕಳು.

ಇಷ್ಟಾದರೂ ತಿಂಗಳಿಗೆ ನೂರು ರೂಪಾಯಿಯನ್ನೂ ಉಳಿಸಲಾಗದ ಮನೆಗಳು ಉಳಿಯುತ್ತವೆ. ಅಲ್ಲಿ ಜಮಾಅತ್‌ನ ಹೊಣೆ ಆರಂಭವಾಗುತ್ತದೆ. ಬಡ್ಡಿ ನಿಷಿದ್ಧವೆಂದು ಮಿಂಬರಿನಿಂದ ಸಾರುತ್ತೇವೆ. ಸರಿ. ಆದರೆ ಶುಲ್ಕ ಕಟ್ಟಲು ಕೊನೆಯ ದಿನ ಬಡ್ಡಿಯ ಅಂಗಡಿಯ ಮೆಟ್ಟಿಲು ಹತ್ತುವ ತಂದೆಗೆ ನಾವು ತೋರಿಸಿದ ಬೇರೆ ಬಾಗಿಲು ಯಾವುದು? ಅರ್ಹ ಬಡ ವಿದ್ಯಾರ್ಥಿಗೆ ಝಕಾತ್, ಉಳಿದವರಿಗೆ ದಾನಿಗಳ ಹಣದಿಂದ ಕರ್ಝೆ ಹಸನ್, ಅಂದರೆ ಬಡ್ಡಿಯಿಲ್ಲದ ಸಾಲ: ಎರಡಕ್ಕೂ ಪ್ರತ್ಯೇಕ ಲೆಕ್ಕವಿರಲಿ, ಆ ಲೆಕ್ಕ ವರ್ಷಕ್ಕೊಮ್ಮೆ ಎಲ್ಲರ ಮುಂದೆ ಬರಲಿ. ಕೆಲಸ ಸಿಕ್ಕ ಬಳಿಕ ಹಿಂದಿರುಗಿಸುವ ಹಣ ಮತ್ತೊಬ್ಬರ ಓದಿಗೆ ಒದಗಲಿ.

ಮಸೀದಿಯ ಮಿನಾರಕ್ಕೆ ವರ್ಷಗಟ್ಟಲೆ ಚಂದಾ ಸಂಗ್ರಹಿಸುವ ತಾಳ್ಮೆ ನಮಗಿದೆ. ಆ ತಾಳ್ಮೆಯಲ್ಲಿ ಒಂದು ಪಾಲು, ಅದೇ ಮಸೀದಿಯ ನೆರಳಿನಲ್ಲಿ ಬೆಳೆಯುವ ಮಗುವಿನ ಪದವಿಗೂ ಸಲ್ಲಬಾರದೇ?